ಅರ್ಜಿ ಬರೆದದ್ದು ಕುದುರೆಯಲ್ಲ

ಪಠ್ಯಪುಸ್ತಕಗಳ ಉದ್ದಗಲ ನಿರ್ಧರಿಸುವವರು ಒಳಗೊಳಗೇ ಕಾದಂಬರಿಪ್ರಿಯರಿರಬೇಕು. ಇಲ್ಲವಾದರೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರದ ಪುಸ್ತಕದೊಳಗೆ ಒಂದು ಪಾಕೆಟ್ ಕಾದಂಬರಿ ಅಷ್ಟು ಹದವಾಗಿ ಕೂರುವುದು ಹೇಗೆ? ನಾಲ್ಕು ಕಡೆಯಲ್ಲೂ ಒಂದಿಷ್ಟೂ ಹೊರಗೆ ಇಣುಕುವುದಿಲ್ಲ. ಅಡುಗೆಮನೆಯಿಂದ ಆಗಾಗ ಬಗ್ಗಿ ನೋಡುವ ತಾಯಿಗೂ ಸಮಾಧಾನ, ಓದುವ ಮಕ್ಕಳಿಗೂ ಸಮಾಧಾನ. ಒಂದೇ ತೊಂದರೆ ಎಂದರೆ, ಭೌತಶಾಸ್ತ್ರ ಓದುವವರು ಯಾರೂ ಮಧ್ಯೆ ಮಧ್ಯೆ ತಾವಾಗಿಯೇ ನಗುವುದಿಲ್ಲ. ಹೆಚ್ಚಿನ ಮಕ್ಕಳು ಸಿಕ್ಕಿಬೀಳುವುದು ಅಲ್ಲಿಯೇ.

ನನ್ನ ತಂಗಿಯ ಮಗಳು ಸಿಕ್ಕಿಬಿದ್ದದ್ದೂ ಹಾಗೆಯೇ. ವಿದ್ಯುತ್ಕಾಂತೀಯ ಪ್ರೇರಣೆಯ ಅಧ್ಯಾಯ ಓದುತ್ತಿದ್ದ ಹುಡುಗಿ ಕಿಸಕ್ಕನೆ ನಕ್ಕಳಂತೆ. ಹುಳಿ ಕಲಕುತ್ತಿದ್ದ ತಂಗಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದಳಂತೆ. ಮುಂದಿನ ಭಾನುವಾರ ನನಗೆ ಬುಲಾವ್ ಬಂತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳೆಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಪುಸ್ತಕದ ವ್ಯಾಜ್ಯಗಳೆಲ್ಲ ನನ್ನ ಮುಂದೆಯೇ ವಿಚಾರಣೆಗೆ ಬರುತ್ತವೆ.

ಊಟದ ಮೇಜಿನ ಮೇಲೆ ಪೊಲೀಸರು ಜಪ್ತಿ ಮಾಡಿದ ಮಾಲಿನಂತೆ ಪುಸ್ತಕವನ್ನು ಇಟ್ಟಿದ್ದರು. ಫುಟ್‌ಪಾತಿನಲ್ಲಿ ಕೊಂಡ ಹಳೆಯ ಇಂಗ್ಲಿಷ್ ಕಾದಂಬರಿ. ರಕ್ಷಾಪುಟ ಅರ್ಧ ಹರಿದುಹೋಗಿ, ಹೋದ ಅರ್ಧದ ಜೊತೆಗೆ ಕಾದಂಬರಿಯ ಹೆಸರೂ ಬರೆದವರ ಹೆಸರೂ ಹೊರಟುಹೋಗಿದ್ದವು. ಉಳಿದದ್ದರಲ್ಲಿ ಒಂದು ಕುದುರೆಯ ಪೂರ್ತಿ ಮುಖ, ಒಬ್ಬ ಹುಡುಗಿಯ ಅರ್ಧ ಮುಖ, ಒಬ್ಬ ಗಂಡಸಿನ ಗದ್ದ. ಇಂಥ ಪುಸ್ತಕಗಳಲ್ಲಿ ನಾಯಕನಿಗೆ ಗದ್ದವೇ ಮುಖ್ಯವಾದ್ದರಿಂದ ಹೆಚ್ಚಿನ ನಷ್ಟವೇನೂ ಆಗಿರಲಿಲ್ಲ.

“ನೋಡು, ಮಾರ್ಚಿಗೆ ಪರೀಕ್ಷೆ. ಇವಳು ಓದ್ತಿರೋದು ಇದು” ಎಂದಳು ತಂಗಿ.

ಅವಳ ಕೋಪ ಕಂಡು ನನಗೆ ಒಳಗೊಳಗೇ ನಗು. ಇದೇ ತಂಗಿ ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗೆ ದಿನಕ್ಕೆ ಐವತ್ತು ಪೈಸೆ ಬಾಡಿಗೆ ಕೊಟ್ಟು ಸಾಯಿಸುತೆ, ಉಷಾ ನವರತ್ನರಾಂ ಅವರ ಕಾದಂಬರಿಗಳನ್ನು ತಂದು ಗೃಹವಿಜ್ಞಾನದ ರೆಕಾರ್ಡಿನೊಳಗೆ ಇಟ್ಟುಕೊಂಡು ಓದುತ್ತಿದ್ದವಳು. ಆಗ ಅಮ್ಮನಿಗೆ ಹೇಳದೆ ಮುಚ್ಚಿಟ್ಟವಳು ನಾನು. ಮಗಳ ಎದುರಿಗೆ ಅದನ್ನು ಹೇಳುವುದು ಸರಿಯಲ್ಲವೆಂದು ಈಗಲೂ ಮುಚ್ಚಿಟ್ಟೆ.

ಬಾಡಿಗೆ ಪುಸ್ತಕಕ್ಕೂ ಪ್ರೇಮ ಕಾದಂಬರಿಗೂ ಹಳೆಯ ನಂಟು. ಮಿಲ್ಸ್ ಅಂಡ್ ಬೂನ್ ಎಂಬ ಹೆಸರು ಕೇಳದ ಕಾಲೇಜು ಹುಡುಗಿಯರು ಒಂದು ಕಾಲಕ್ಕೆ ಇರಲಿಲ್ಲ. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಎಂಬಿಬ್ಬರು 1908ರಲ್ಲಿ ಲಂಡನ್ನಿನಲ್ಲಿ ಆ ಸಂಸ್ಥೆ ಆರಂಭಿಸಿದಾಗ ಅದು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು. ಜ್ಯಾಕ್ ಲಂಡನ್ನನ ಕೃತಿಗಳೂ ಅಲ್ಲಿಂದ ಬಂದಿವೆ. 1930ರ ದಶಕದಲ್ಲಿ ಪುಸ್ತಕಗಳನ್ನು ಪುಡಿಗಾಸಿಗೆ ಬಾಡಿಗೆ ಕೊಡುವ ಅಂಗಡಿಗಳು ಇಂಗ್ಲೆಂಡಿನ ಬೀದಿಬೀದಿಯಲ್ಲಿ ಎದ್ದಾಗ, ಜನ ಮತ್ತೆ ಮತ್ತೆ ಕೇಳುವುದು ಪ್ರೇಮಕಥೆಯನ್ನೇ ಎಂದು ಕಂಡುಕೊಂಡು ಅದನ್ನೇ ಹಿಡಿದರು. ಆಮೇಲೆ ಡಾಕ್ಟರು-ನರ್ಸುಗಳ ಪ್ರೇಮಕ್ಕೆ ಪ್ರತ್ಯೇಕ ಸಾಲೇ ಬಂತು. ಮನುಷ್ಯರ ಡಾಕ್ಟರು ಬಂದಮೇಲೆ ದನದ ಡಾಕ್ಟರು ಬರದೆ ಇರುತ್ತಾರೆಯೇ?

ತಂಗಿಯ ಮನೆಯ ಮೇಜಿನ ಮೇಲಿದ್ದದ್ದು ಆ ಜಾತಿಯದು. ಮಧ್ಯಾಹ್ನ ಊಟವಾದ ಮೇಲೆ, ತೀರ್ಪು ಕೊಡುವವರು ಕಡತ ಓದಬೇಕಷ್ಟೇ ಎಂದು ಹೇಳಿ, ಕನ್ನಡಕ ಹಾಕಿಕೊಂಡು ಕುಳಿತೆ. ಸಂಜೆಯ ಕಾಫಿಯ ಹೊತ್ತಿಗೆ ಮುಗಿಯಿತು.

ಕಥೆ ಇಷ್ಟು. ನಾಯಕಿ ಪಶುವೈದ್ಯೆ. ಅವಳ ತಂದೆ ಒಂದು ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದವರು. ಫಾರಂನ ಯಜಮಾನ ಕಳ್ಳತನದ ಸುಳ್ಳು ಆರೋಪ ಹೊರಿಸಿ ಅವರನ್ನು ಓಡಿಸಿರುತ್ತಾನೆ. ಹನ್ನೆರಡು ವರ್ಷಗಳ ನಂತರ ಮಗಳು ಅದೇ ಊರಿಗೆ ವೈದ್ಯೆಯಾಗಿ ಬರುತ್ತಾಳೆ, ಸೇಡು ತೀರಿಸಿಕೊಳ್ಳಲು. ಯಜಮಾನನಿಗೆ ಒಬ್ಬ ಮಗ, ಗದ್ದ ಅವನದೇ. ಇಬ್ಬರೂ ಮೊದಲ ಭೇಟಿಯಲ್ಲೇ ಜಗಳವಾಡುತ್ತಾರೆ. ಮಳೆ ಸುರಿಯುವ ಒಂದು ರಾತ್ರಿ ಯಜಮಾನನ ಅತ್ಯಂತ ಬೆಲೆಬಾಳುವ ಹೆಣ್ಣು ಕುದುರೆಗೆ ಹೊಟ್ಟೆಶೂಲೆ. ಸುತ್ತ ಐವತ್ತು ಮೈಲಿಯಲ್ಲಿ ಇರುವ ವೈದ್ಯೆ ಅವಳೊಬ್ಬಳೇ. ಮುಂದೆ ಏನಾಯಿತೆಂದು ನಾನು ಹೇಳಬೇಕಾಗಿಲ್ಲ. ಇಂಥ ಕಾದಂಬರಿಯ ಕೊನೆ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತಿರುತ್ತದೆ; ಗೊತ್ತಿರುವುದರಿಂದಲೇ ಓದುತ್ತಾರೆ.

ಆದರೆ ಕುದುರೆಯ ಹೊಟ್ಟೆನೋವಿನ ಆ ಹತ್ತು ಪುಟಗಳನ್ನು ನಾನು ಎರಡು ಸಲ ಓದಿದೆ. ನಮ್ಮಪ್ಪ ತುಮಕೂರು ಜಿಲ್ಲೆಯ ತಾಲ್ಲೂಕೊಂದರಲ್ಲಿ ಪಶುವೈದ್ಯರಾಗಿದ್ದವರು. ಆ ಮನೆಯಲ್ಲಿ ಬೆಳೆದವರಿಗೆ ಕುದುರೆ ಎಂದರೆ ಸಿನಿಮಾದ ಕುದುರೆಯಲ್ಲ. ಅಷ್ಟು ದೊಡ್ಡ ಪ್ರಾಣಿಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲವೆಂದು ನಮಗೆ ಒಂಬತ್ತು, ಹತ್ತು ವರ್ಷಕ್ಕೇ ಗೊತ್ತಿತ್ತು. ಅನ್ನನಾಳ ಜಠರವನ್ನು ಸೇರುವ ಬಾಗಿಲಿನ ಸ್ನಾಯು ಅಷ್ಟು ಬಿಗಿ. ಸೇರುವ ಕೋನವೂ ಹಾಗೆಯೇ. ಒಳಗೆ ಹೋದದ್ದು ಬಾಯಿಗೆ ಹಿಂದಿರುಗುವ ಹಾಗಿಲ್ಲ. ಹಾಗಾಗಿ ಕೆಳಗಡೆ ಎಲ್ಲಾದರೂ ತಡೆಯಾಯಿತೆಂದರೆ ಅನಿಲವೂ ದ್ರವವೂ ತುಂಬಿ ಜಠರ ಒಡೆದೇ ಹೋಗಬಹುದು. ಮೂಗಿನ ಮೂಲಕ ಉದ್ದನೆಯ ರಬ್ಬರ್ ನಳಿಕೆ ಇಳಿಸಿ ಒತ್ತಡ ಇಳಿಸುವುದು ವೈದ್ಯರ ಮೊದಲ ಕೆಲಸ. ಹೊಟ್ಟೆನೋವಿನ ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಬೆವರುತ್ತದೆ, ಮಲಗಿ ಹೊರಳುತ್ತದೆ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸು. ಅದು ಅರವತ್ತು ದಾಟಿ ಏರುತ್ತಾ ಹೋದರೆ ವೈದ್ಯರ ಎದೆಬಡಿತವೂ ಏರುತ್ತದೆ. ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟಾಗ ಗುಡುಗುಡು ಕೇಳಿಸಿದರೆ ಆಸೆ ಉಂಟು, ನಿಶ್ಶಬ್ದವಾಗಿದ್ದರೆ ಭಯ.

ಹರಿದ ರಕ್ಷಾಪುಟದ ಆ ಲೇಖಕಿ ಇದಿಷ್ಟನ್ನೂ ಸರಿಯಾಗಿ ಬರೆದಿದ್ದಳು. ನಾಯಕಿ ಪಕ್ಕೆಗೆ ಕಿವಿಗೊಟ್ಟು ಕೂತ ಹೊತ್ತಿನಲ್ಲಿ ಗದ್ದದವನು ಏನೋ ಹೇಳಲು ಬಂದರೆ, ಅವಳು ಬಾಯಿ ಮುಚ್ಚು ಎನ್ನುತ್ತಾಳೆ. ನಮ್ಮ ಹುಡುಗಿ ನಕ್ಕದ್ದು ಅಲ್ಲಿ. ಪ್ರೇಮದ ವಿಷಯದಲ್ಲಿ ಕಾದಂಬರಿಕಾರರು ಏನು ಬೇಕಾದರೂ ಬರೆಯಲಿ, ಪತ್ತೆ ಹಚ್ಚುವವರಾರು? ಆದರೆ ಕುದುರೆಯ ಹೊಟ್ಟೆಯ ವಿಷಯದಲ್ಲಿ ಸುಳ್ಳು ನಡೆಯುವುದಿಲ್ಲ. ಅಲ್ಲಿ ನಿಜ ಹೇಳಿದವಳನ್ನು ಉಳಿದ ಕಡೆಯೂ ಸ್ವಲ್ಪ ನಂಬಬಹುದು ಎನ್ನಿಸಿತು.

ಇನ್ನೊಂದು ಕಾರಣಕ್ಕೂ ಆ ಪುಟಗಳು ನನ್ನನ್ನು ಹಿಡಿದವು. ಆ ರಾತ್ರಿಯನ್ನು ನಾನು ನೋಡಿದ್ದೆ.

1978ರ ಮಾತು. ಕುಣಿಗಲ್ಲಿನ ಕುದುರೆ ಫಾರಂ ನಮ್ಮೂರಿನಿಂದ ದೂರವೇನಿರಲಿಲ್ಲ. ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು. ಅಪ್ಪನ ಪಾಲಿಗೆ ಬರುತ್ತಿದ್ದದ್ದು ಮಾತ್ರ ಜಟಕಾ ಕುದುರೆಗಳು. ಅವುಗಳ ಜೊತೆಗೆ ಒಂದು ಬಿಳಿ ಕುದುರೆ. ಊರಿನ ಪ್ರಮುಖರೊಬ್ಬರು ಮದುವೆ ಮೆರವಣಿಗೆಗಳಿಗೆ ಬಾಡಿಗೆ ಕೊಡುತ್ತಿದ್ದದ್ದು. ಆ ಪ್ರಮುಖರಿಗೂ ಅಪ್ಪನಿಗೂ ಆ ವರ್ಷ ಮಾತಿರಲಿಲ್ಲ. ಸಾಲದ ಯೋಜನೆಗೆಂದು ಅವರು ತಂದು ನಿಲ್ಲಿಸಿದ್ದ ಮುದಿ ಎಮ್ಮೆಗಳಿಗೆ ಆರೋಗ್ಯದ ಸರ್ಟಿಫಿಕೇಟ್ ಕೊಡಲು ಅಪ್ಪ ಒಪ್ಪಿರಲಿಲ್ಲ. ಹದಿನೈದು ದಿನಗಳಲ್ಲಿ ಅಪ್ಪನ ಮೇಲೆ ಬೆಂಗಳೂರಿಗೆ ಅರ್ಜಿ ಹೋಯಿತು. ಲಂಚ ಕೇಳುತ್ತಾರೆ, ಕರೆದಾಗ ಬರುವುದಿಲ್ಲ, ಹೀಗೆ ಒಂಬತ್ತು ಆರೋಪ. ವಿಚಾರಣೆ ಮುಗಿಯುವವರೆಗೆ ಅಪ್ಪನ ಬಡ್ತಿ ನಿಂತಿತು. ಅಮ್ಮ ಆ ಮನೆಯ ಮುಂದೆ ನಡೆಯುವಾಗ ಸೆರಗನ್ನು ಆ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಳು.

ಒಂದು ರಾತ್ರಿ ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದು. ಅದೇ ಮನೆಯ ಆಳು. ಬಿಳಿ ಕುದುರೆ ನೆಲದ ಮೇಲೆ ಬಿದ್ದು ಹೊರಳುತ್ತಿದೆ. ಅಪ್ಪ ಶರಟು ಹಾಕಿಕೊಳ್ಳುತ್ತಿದ್ದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಕರೆದಾಗ ಬರೋದಿಲ್ಲ ಅಂತ ಬರೆದಿದ್ದಾರಲ್ಲ. ಬರೋದಿಲ್ಲ ಅನ್ನಿ. ಅವರು ಬರೆದದ್ದಾದರೂ ನಿಜವಾಗಲಿ.”

ಅಪ್ಪ ಪೆಟ್ಟಿಗೆಯೊಳಗೆ ನಳಿಕೆಯಿದೆಯೇ ಎಂದು ನೋಡಿಕೊಂಡು ಹೇಳಿದರು: “ಅರ್ಜಿ ಬರೆದದ್ದು ಕುದುರೆಯಲ್ಲವಲ್ಲೇ.”

ಲಾಟೀನು ಹಿಡಿಯಲು ನನ್ನನ್ನೂ ಕರೆದುಕೊಂಡು ಹೋದರು. ನಳಿಕೆ ಇಳಿಸಿದರು, ಇಂಜೆಕ್ಷನ್ ಕೊಟ್ಟರು, ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯನ್ನು ಕೊಳವೆಯಲ್ಲಿ ಹೊಟ್ಟೆಗೆ ಬಿಟ್ಟರು. ಆಮೇಲೆ ಅದು ಮಲಗಿ ಹೊರಳದ ಹಾಗೆ ಅಂಗಳದಲ್ಲಿ ಮೆಲ್ಲಗೆ ನಡೆಸುತ್ತಿದ್ದರು. ಸ್ವಲ್ಪ ದೂರ ಅಪ್ಪ, ಸ್ವಲ್ಪ ದೂರ ಆಳು, ಕೊನೆಕೊನೆಗೆ ಆ ಪ್ರಮುಖರೇ. ಮೂವರೂ ಮಾತಿಲ್ಲದೆ ಸರದಿಯ ಮೇಲೆ ಕುದುರೆ ಹಿಡಿದು ನಡೆದದ್ದು ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಬೆಳಗಿನ ಜಾವ ಕುದುರೆ ಲದ್ದಿ ಹಾಕಿತು. ಲದ್ದಿ ಕಂಡು ಗಂಡಸರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ.

ಎರಡು ದಿನಗಳ ಮೇಲೆ ನಮ್ಮ ಮನೆಗೆ ಒಂದು ಚೀಲ ಹುರುಳಿ ಬಂತು. ಕುದುರೆಗೆಂದು ಕೂಡಿಟ್ಟದ್ದರಲ್ಲೇ ಒಂದು ಚೀಲವೆಂದು ಅಮ್ಮನ ಅನುಮಾನ. ಅಪ್ಪ ಹಿಂದಕ್ಕೆ ಕಳಿಸಲು ಹೊರಟರೆ ಅಮ್ಮ ಬಿಡಲಿಲ್ಲ. ಒಂದು ಸೇರಿನಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಕಳಿಸಿ, ಆ ರಾತ್ರಿ ಹುರುಳಿ ಬಸ್ಸಾರು ಮಾಡಿದಳು. ಅವಳ ಸೇಡು ಅಷ್ಟಕ್ಕೆ ತೀರಿತು. ಅರ್ಜಿ ವಾಪಸಾಯಿತೇ ಎಂದು ಕೇಳಬೇಡಿ. ಆಗಲಿಲ್ಲ. ಬಡ್ತಿ ಎರಡು ವರ್ಷ ತಡವಾಗಿಯೇ ಬಂತು. ಕಾದಂಬರಿಗೂ ತಾಲ್ಲೂಕಿಗೂ ಇರುವ ವ್ಯತ್ಯಾಸ ಅದು.

ಈ ಕಥೆಯನ್ನು ಕಾಫಿ ಕುಡಿಯುತ್ತ ಹೇಳಿದೆ. ಆಗ ಕೈಗೂಸಾಗಿದ್ದ ತಂಗಿಗೆ ಇದು ಹೊಸದು. ಅವಳು ಸುಮ್ಮನೆ ಕೂತಿದ್ದಳು. ಹುಡುಗಿ ಮಾತ್ರ ಪಟ್ಟನೆ ಹೇಳಿಬಿಟ್ಟಳು: “ದೊಡ್ಡಮ್ಮ, ನಾನು ವೆಟರ್ನರಿ ಓದ್ತೀನಿ.”

ವ್ಯಾಜ್ಯದ ನಿಜವಾದ ಸ್ವರೂಪ ಆಗ ಹೊರಬಿತ್ತು. ತಂಗಿಯ ಚಿಂತೆ ಪ್ರೇಮದ್ದಲ್ಲ. ಇದು ಆಗಲೇ ಒಂದು ತಿಂಗಳಿಂದ ಮನೆಯಲ್ಲಿ ನಡೆಯುತ್ತಿದ್ದ ಯುದ್ಧ. ಕಾದಂಬರಿ ಬರೀ ನೆಪ. ಮಗಳು ಬಿಳಿ ಕೋಟು ಹಾಕಿಕೊಂಡು ನಾಲ್ಕು ಜನರ ನಾಡಿ ನೋಡಲಿ ಎಂದು ತಾಯಿಯ ಆಸೆ. ಮಗಳಿಗೆ ಎಮ್ಮೆಯ ನಾಡಿಯ ಮೇಲೆ ಕಣ್ಣು. “ಐದೂವರೆ ವರ್ಷದ ಕೋರ್ಸು, ಇಂಟರ್ನ್‌ಶಿಪ್ಪೂ ಸೇರಿ. ಎಂಬಿಬಿಎಸ್ಸೂ ಅಷ್ಟೇ” ಎಂದು ಹುಡುಗಿ ಲೆಕ್ಕ ಕೊಟ್ಟಳು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಿಂದ ಇದೆ, ಬೀದರ್‌ನಲ್ಲಿ ವಿಶ್ವವಿದ್ಯಾಲಯವೇ ಇದೆ ಎಂದೂ ಹೇಳಿದಳು. “ಸಗಣಿಯೂ ಇದೆ” ಎಂದಳು ತಂಗಿ. ಅಪ್ಪ ಹಿತ್ತಲಿನಲ್ಲಿ ಸ್ನಾನ ಮಾಡದೆ ಒಳಗೆ ಬರುವಂತಿಲ್ಲವೆಂದು ಅಮ್ಮ ಮಾಡಿದ್ದ ಕಾನೂನು ಅವಳಿಗೂ ನೆನಪಿತ್ತು.

ಹುಡುಗಿ ಒಳಗಿನಿಂದ ಇನ್ನೊಂದು ಪುಸ್ತಕ ತಂದಳು. ಜೇಮ್ಸ್ ಹೆರಿಯಟ್. ಇದನ್ನು ಯಾವ ತಾಯಿಯೂ ಜಪ್ತಿ ಮಾಡಲಾರಳು. ನಿಜವಾದ ಹೆಸರು ಆಲ್ಫ್ ವೈಟ್. 1939ರಲ್ಲಿ ಗ್ಲ್ಯಾಸ್ಗೋದಲ್ಲಿ ಪಶುವೈದ್ಯ ಪದವಿ ಪಡೆದು, ಮರುವರ್ಷ ಯಾರ್ಕ್‌ಶೈರಿನ ಥರ್ಸ್ಕ್ ಎಂಬ ಸಣ್ಣ ಪೇಟೆಗೆ ಹೋಗಿ ಬದುಕಿಡೀ ಅಲ್ಲೇ ವೈದ್ಯಕೀಯ ಮಾಡಿದವನು. ಬರೆಯಲು ಕೂತದ್ದು ಐವತ್ತರ ಹೊತ್ತಿಗೆ. ಮೊದಲ ಪುಸ್ತಕ ಬಂದದ್ದು 1970ರಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಿರಿಯ ವೈದ್ಯರಿಲ್ಲದ ಒಂದು ರಾತ್ರಿ, ಅವನಿಗೂ ಶ್ರೀಮಂತರೊಬ್ಬರ ಕುದುರೆಯ ಹೊಟ್ಟೆನೋವಿಗೆ ಕರೆ ಬರುತ್ತದೆ. ಕರುಳು ತಿರುಚಿಕೊಂಡಿದೆ, ಉಳಿಯುವ ಆಸೆಯಿಲ್ಲ ಎಂದು ಕಂಡುಕೊಂಡು, ಅದರ ನರಳಾಟ ನೋಡಲಾರದೆ ಅಲ್ಲೇ ಕೊನೆಗಾಣಿಸುತ್ತಾನೆ. ಮೇಲ್ವಿಚಾರಕ ಕೋರ್ಟಿಗೆ ಎಳೆಯುವೆನೆಂದು ಹಾರಾಡುತ್ತಾನೆ. ಮರುದಿನ ಕುದುರೆಯ ಹೊಟ್ಟೆ ತೆರೆದು ನೋಡಿದಾಗ ಹುಡುಗ ಹೇಳಿದ್ದೇ ನಿಜವಾಗಿರುತ್ತದೆ. ಹೆರಿಯಟ್‌ನ ಪುಸ್ತಕಗಳಲ್ಲೂ ಪ್ರೇಮವಿದೆ, ಮದುವೆಯೂ ಇದೆ. ಹನಿಮೂನಿಗೆಂದು ಹೋದವರು ಹಸುಗಳಿಗೆ ಕ್ಷಯದ ಪರೀಕ್ಷೆ ಮಾಡುತ್ತಾರೆ. ಗಂಡ ಅಳತೆ ಹೇಳಿದರೆ ಹೊಸ ಹೆಂಡತಿ ಬರೆದುಕೊಳ್ಳುತ್ತಾಳೆ. ಗದ್ದದ ಮಾತೇ ಬರುವುದಿಲ್ಲ.

“ಅಷ್ಟು ಒಳ್ಳೇ ಕೆಲಸ ಆಗಿದ್ರೆ ಅವನು ತನ್ನ ಮಗಳಿಗೆ ಏನು ಓದಿಸಿದ?” ಎಂದು ಕೇಳಿದಳು ತಂಗಿ. ತಾಯಂದಿರಿಗೆ ಎಲ್ಲಿ ತಟ್ಟಬೇಕೆಂಬುದು ಹೇಗೋ ಗೊತ್ತಾಗುತ್ತದೆ. ಹೆರಿಯಟ್‌ನ ಮಗ ಪಶುವೈದ್ಯನಾದ. ಮಗಳಿಗೂ ಆ ಆಸೆಯಿತ್ತು. ಅಪ್ಪನೇ ಬೇಡವೆಂದು ಮನವೊಲಿಸಿದ. ಅವಳು ಮನುಷ್ಯರ ವೈದ್ಯೆಯಾದಳು. ಪುಟ ಪುಟದಲ್ಲೂ ಆ ಕೆಲಸದ ಸೊಗಸನ್ನು ಬರೆದವನಿಗೆ, ಹಿಮದ ರಾತ್ರಿಗಳಲ್ಲಿ ಅಂಗಿ ಬಿಚ್ಚಿ ಹಸುವಿನ ಹೆರಿಗೆ ಮಾಡಿಸುವ ಕಷ್ಟವೂ ಗೊತ್ತಿತ್ತಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಂಗಿ ಗೆದ್ದವಳಂತೆ ಲೋಟಗಳನ್ನು ಎತ್ತಿಕೊಂಡಳು.

ನ್ಯಾಯ ಹೇಳುವವರು ಎರಡೂ ಕಡೆ ನೋಡಬೇಕು. ಹಾಗಾಗಿ ಅಲೀನ್ ಕಸ್ಟ್ ಎಂಬವಳ ಕಥೆಯನ್ನೂ ಹೇಳಿದೆ. 1868ರಲ್ಲಿ ಐರ್ಲೆಂಡಿನಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದವಳು. ಹೆಣ್ಣುಮಗಳು ಪಶುವೈದ್ಯಳಾಗುವುದು ಆ ಮನೆತನಕ್ಕೆ ಅವಮಾನ. ಹೆಸರನ್ನು ಸ್ವಲ್ಪ ತಿರುಚಿಕೊಂಡು ಎಡಿನ್‌ಬರೋದ ಪಶುವೈದ್ಯ ಕಾಲೇಜಿಗೆ ಸೇರಿದಳು. ಪರೀಕ್ಷೆಗೆ ಕೂರಲು ಹೊರಟರೆ, ಬ್ರಿಟನ್ನಿನ ಪಶುವೈದ್ಯರ ನೋಂದಣಿಯ ಅಧಿಕಾರವಿದ್ದ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ 1897ರಲ್ಲಿ ಬಾಗಿಲು ಹಾಕಿತು. ಕಾರಣ ಒಂದೇ, ಅವಳು ಹೆಂಗಸು. ಆದರೂ 1900ಕ್ಕೆ ಓದು ಮುಗಿಸಿ, ಪದವಿಯಿಲ್ಲದೆಯೇ ಐರ್ಲೆಂಡಿನ ರಾಸ್‌ಕಾಮನ್ನಿನಲ್ಲಿ ವಿಲಿಯಂ ಬರ್ನ್ ಎಂಬ ವೈದ್ಯನ ಜೊತೆ ಕೆಲಸಕ್ಕೆ ನಿಂತಳು. 1910ರಲ್ಲಿ ಅವನು ತೀರಿಕೊಂಡಾಗ ಅಷ್ಟೂ ಕೆಲಸವನ್ನು ಒಬ್ಬಳೇ ವಹಿಸಿಕೊಂಡಳು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಗಾಯಗೊಂಡ ಕುದುರೆಗಳ ಆರೈಕೆಗೆ ನೆರವಾದಳು. 1919ರಲ್ಲಿ ಹೆಂಗಸರನ್ನು ವೃತ್ತಿಗಳಿಂದ ದೂರವಿಡಬಾರದೆಂಬ ಕಾನೂನು ಬಂತು. 1922ರ ಡಿಸೆಂಬರಿನಲ್ಲಿ, ಐವತ್ತನಾಲ್ಕರ ವಯಸ್ಸಿನಲ್ಲಿ, ಅದೇ ಸಂಸ್ಥೆ ಅವಳಿಗೆ ಡಿಪ್ಲೊಮಾ ಕೊಟ್ಟಿತು. ಅದನ್ನು ಪಡೆದ ಮೊದಲ ಹೆಂಗಸು ಅವಳೇ.

“ಇಪ್ಪತ್ತೈದು ವರ್ಷ ಕಾಯಿಸಿದ್ರಲ್ಲ, ಅವಳು ಸೇಡು ತೀರಿಸ್ಕೊಳ್ಳಲಿಲ್ವಾ?” ಎಂದು ಹುಡುಗಿ ಕೇಳಿದಳು.

ತೀರಿಸಿಕೊಂಡಳು. 1937ರಲ್ಲಿ ಕಣ್ಣು ಮುಚ್ಚಿದಾಗ, ತನಗೆ ಬಾಗಿಲು ಹಾಕಿದ್ದ ಆ ಸಂಸ್ಥೆಗೇ, ಪಶುವೈದ್ಯ ಸಂಶೋಧನೆಯ ವಿದ್ಯಾರ್ಥಿವೇತನಕ್ಕೆಂದು ಉಯಿಲಿನಲ್ಲಿ ಹಣ ಬಿಟ್ಟುಹೋದಳು. ಕೇಳಿದ ಹುಡುಗಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, “ಒಂದು ಸೇರು ಹುರುಳಿ ಉಳಿಸ್ಕೊಂಡ ಹಾಗೆ” ಎಂದಳು. ಅದು ಹೇಗೆಂದು ನಾನು ಕೇಳಲಿಲ್ಲ. ಅರ್ಥವಾದ ಹಾಗೆಯೇ ಇತ್ತು.

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ನಿಧಾನವಾಗಿ ಹೇಳಿದಳು: “ಅದೆಲ್ಲ ಸರಿ ಅಕ್ಕ. ರಾತ್ರಿ ಹನ್ನೊಂದಕ್ಕೆ ಯಾರೋ ಬಾಗಿಲು ಬಡಿದು ಕರೀತಾರೆ. ಅಪ್ಪ ಹೋದರು. ಇವಳು ಹೇಗೆ ಹೋಗ್ತಾಳೆ? ಜೊತೆಗೆ ಲಾಟೀನು ಹಿಡಿಯೋರು ಯಾರು?”

ಇಷ್ಟು ಹೊತ್ತು ಆಡಿದ ಮಾತುಗಳಲ್ಲಿ ತೂಕದ ಮಾತು ಇದೊಂದೇ. ಸಗಣಿ, ಮರ್ಯಾದೆ, ಬಿಳಿ ಕೋಟು ಎಲ್ಲವೂ ಇದನ್ನು ಮುಚ್ಚಲು ಹಾಕಿದ ಹೊದಿಕೆಗಳು. ಅಪ್ಪ ಹೊರಗೆ ಹೋದ ರಾತ್ರಿಗಳಲ್ಲಿ ಅಮ್ಮ ಮಲಗುತ್ತಿರಲಿಲ್ಲ. ಹಜಾರದ ಕಂಬಕ್ಕೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಮುಂದೆ ಆ ಕಂಬಕ್ಕೆ ಒರಗುವವಳು ತಾನೇ ಎಂದು ತಂಗಿಗೆ ಗೊತ್ತಾಗಿತ್ತು. ಇದಕ್ಕೆ ಹೆರಿಯಟ್‌ನಲ್ಲೂ ಉತ್ತರವಿಲ್ಲ, ಕಸ್ಟಳಲ್ಲೂ ಇಲ್ಲ. ಹರಿದ ಕಾದಂಬರಿಯಲ್ಲಂತೂ ನಾಯಕಿಗೆ ತಾಯಿಯೇ ಇಲ್ಲ, ಬರೆದವಳು ಜಾಣೆ.

ಹುಡುಗಿ ಮೆಲ್ಲಗೆ ಹೇಳಿದಳು: “ಎಂಬಿಬಿಎಸ್ ಮಾಡಿದೋರಿಗೂ ನೈಟ್ ಡ್ಯೂಟಿ ಇರತ್ತಲ್ಲಮ್ಮ.”

ನಾನು ತೀರ್ಪು ಕೊಡಲಿಲ್ಲ. ಮಕ್ಕಳ ಪುಸ್ತಕದೊಳಗೆ ಪುಸ್ತಕ ಸಿಕ್ಕಾಗ ಎಲ್ಲ ತಂದೆತಾಯಿಗಳೂ ರಕ್ಷಾಪುಟ ನೋಡುತ್ತಾರೆ. ಮಗುವಿನ ಬೆರಳು ಯಾವ ಪುಟದಲ್ಲಿತ್ತು ಎಂದು ನೋಡಿದರೆ ಹೆಚ್ಚು ಗೊತ್ತಾಗುತ್ತದೆ. ಇಷ್ಟನ್ನು ಹೇಳಿ, ಜಪ್ತಿಯಾದ ಮಾಲನ್ನು ತಂಗಿಯ ಕೈಗೇ ಕೊಟ್ಟು, ನೀನೂ ಒಮ್ಮೆ ಓದು ಎಂದು ಬಂದೆ. ಓದುತ್ತಾಳೆಂಬ ಭರವಸೆಯೇನೂ ಇರಲಿಲ್ಲ.

ಗೌರಿ ಹಬ್ಬದ ಬಾಗಿನಕ್ಕೆಂದು ತಂಗಿ ನಮ್ಮ ಮನೆಗೆ ಬಂದಳು. ಅರಿಶಿನ ಕುಂಕುಮ ಮುಗಿದದ್ದೇ ಚೀಲದಿಂದ ಆ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು. ಎರಡು ಕಡೆ ಬಸ್ ಟಿಕೆಟ್ಟಿನ ಗುರುತು.

“ಇಲ್ಲಿ ನೋಡು. ಏಪ್ರಿಲ್‌ನಲ್ಲಿ ಹೋರಿ ಕುದುರೆ ಹತ್ತಿರ ಬಿಡ್ತಾರೆ. ಇಲ್ಲಿ ನೋಡು, ಕ್ರಿಸ್‌ಮಸ್ ರಾತ್ರಿಗೆ ತುಂಬಿದ ಮರಿ. ಒಂಬತ್ತು ತಿಂಗಳೂ ಆಗಲಿಲ್ಲ. ಕುದುರೆಗೆ ಹನ್ನೊಂದು ತಿಂಗಳು ಬೇಡವೇನೇ? ಅಪ್ಪ ಇದ್ದಿದ್ರೆ ಪುಸ್ತಕ ಹಿತ್ತಲಿಗೆ ಎಸೀತಿದ್ರು.”

ಕುದುರೆ ಅಲ್ವಾ, ಹೋಗಲಿ ಬಿಡು ಎಂದೆ.

“ಹೋಗಲಿ ಬಿಡು ಅಂದ್ರೆ ಹೇಗೆ?” ಎಂದು ತಂಗಿ ಕಣ್ಣು ಬಿಟ್ಟಳು. “ಇದನ್ನು ಓದಿ ಆ ಹುಡುಗಿ ನಾಳೆ ಹೆಬ್ಬಾಳದ ಪರೀಕ್ಷೆಯಲ್ಲಿ ಒಂಬತ್ತು ತಿಂಗಳು ಅಂತ ಬರೆದು ಬಂದ್ರೆ?”